ಸೊನ್ನಿ ಬಿಲ್ಲು

ಜೋರಾಪುರ ಪೇಠದ ಈ ಓಣ್ಯಾಗ
ಮಂದಿಗಿಂತ ಮೊದಲ ನನಗ ಅವರ ಮೀಟರು ಪರಿಚಯ.
ಯಾರ ಮನಿಗೆ ಹೊಸಾ ಎ.ಸಿ. ಬಂತು,
ಯಾರ ಮಗಳು ಬಾಣಂತನಕ್ಕ ಬಂದಾಳ,
ಯಾರು ನಿದ್ದಿ ಇಲ್ಲದ ಬೆಳತನಕ ಟೀವಿ ಮುಂದ ಕುಂತಾರ,
ಅಂಕಿ ಎಲ್ಲಾ ಹೇಳತದ.

ಮೇ ತಿಂಗಳು. ಹನ್ನೆರಡೂವರಿ.
ಹಳೇ ನೀರಿನ ಗಂಜಿನ ಬುಡಕ್ಕ ನೆಳ್ಳು ಅಂಗೈಯಷ್ಟು.
ನನ್ನ ಮಷೀನಿನ ಕಾಗದ ಬಿಸಿಲಿಗೆ ಕರ್ರಗಾಗೂವಂಥಾದ್ದು,
ಹಿಡಕೊಂಡು ನಿಂತರ ಬರದದ್ದ ಕಾಣೂದಿಲ್ಲ.
ಬರದದ್ದಾದ್ರೂ ಏನು? ಬಹಳ ಮನಿಗೆ ಈಗ ಸೊನ್ನಿ.
"ಸೊನ್ನಿ ಬಂತೇನಪಾ?" ಅಂತಾರ, ನಗತಾರ,
ಒಳಗ ಹೋಗಿ ಇನ್ನೊಂದು ಫ್ಯಾನು ಹಚ್ಚತಾರ.
ನಾನೂ ನಗತೀನಿ. ನಮ್ಮ ಮನಿದೂ ಸೊನ್ನೀನ.

ಮಾಲನಬಿ ಮನಿ ಮುಂದ ಮಾತ್ರ ನಿಂತೆ.
ಹೋದ ಮೇದಾಗ ನೂರಾ ನಲವತ್ತೊಂದು ಯುನಿಟ್ಟು,
ಈ ಮೇದಾಗ ಎಂಬತ್ತಾರು.
ಇಪ್ಪತ್ತು ವರ್ಷದ ನೌಕರಿ ಕಿವ್ಯಾಗ ಅಂತು: ಕಳವು.
ಎಲ್ಲೋ ಒಂದು ವಾಯರು ಎಳದಾಳ, ಮೀಟರಿಗೆ ಗೊತ್ತಾಗದಂಗ.

"ಮಾಳಗಿ ಮ್ಯಾಲ ಹೋಗಿ ನೋಡಬೇಕು."
"ನೋಡು. ಚಪ್ಪಲಿ ಕೆಳಗ ಬಿಡು."
ಈ ಬಿಸಿಲಾಗ, ಬರಿಗಾಲಿಲೆ!
ಸಿಟ್ಟು ಬಂತು. ಬಿಟ್ಟೆ.

ಹನ್ನೊಂದು ಮೆಟ್ಟಲ. ಹನ್ನೊಂದಕ್ಕೂ ಕುಣದೆ.
ಆಮ್ಯಾಲ ಉಸಿರು ಬಿಗಿ ಹಿಡದು ಮ್ಯಾಲ ಹೆಜ್ಜಿ ಇಟ್ಟೆ.
ಸುಡಲಿಲ್ಲ.
ಕಣ್ಣು ಕುಕ್ಕೂವಂಗ ಸುಣ್ಣ, ಮೂರು ಕೈ ಬಳದದ್ದು.
ಅಂಗಾಲೆಲ್ಲ ಬಿಳಿ.
ಬಾಜೂ ಮನಿ ತಗಡು ಟಣ್ ಟಣ್ ಅಂತ ಹಿಗ್ಗಲಿಕತ್ತಿತ್ತು,
ಆಚಿ ಮನಿ ಎ.ಸಿ. ತನ್ನ ಬಿಸಿ ಉಸಿರೆಲ್ಲ
ನನ್ನ ಕಡೇನ ಬಿಡಲಿಕತ್ತಿತ್ತು.
ವಾಯರು ಹುಡುಕಿದೆ.
ಇದ್ದದ್ದು ಬಟ್ಟಿ ಒಣಹಾಕೂ ಹಗ್ಗ ಒಂದ.

ಇಳದು ಬಂದೆ. "ಏನು ಸಿಕ್ತು?"
"ಏನಿಲ್ಲ."
"ನಾ ಏನೂ ಕದ್ದಿಲ್ಲ ಗೊಲ್ಲಾಳಣ್ಣ.
ಬಂದ ಬಿಸಿಲನ್ನ ಬಂದ ದಾರೀಲೆ ವಾಪಸ್ ಕಳಿಸೀನಿ."
ಕಿಟಕಿಗೆ ಹಸಿ ಗೋಣಿಚೀಲ ತೂಗತಿತ್ತು.
ಹೊಲಿಗಿ ಮಷೀನಿನ ಮೋಟಾರು ಬಿಚ್ಚಿ ಗೂಡಿನ್ಯಾಗ ಇಟ್ಟಿದ್ಲು,
ಕಾಲಿಲೆ ತುಳೀತಿದ್ಲು.

"ಬಿಲ್ಲು ಹೆಂಗೂ ಸೊನ್ನಿ. ಯಾರ ಸಲುವಾಗಿ ಉಳಸ್ತಿ?"

ಸೂಜಿಗೆ ದಾರ ಹಾಕತಿದ್ಲು.
ಎರಡು ಸಲ ತಪ್ಪಿತು, ಮೂರನೇದಕ್ಕ ಹೋತು.
"ತಂಗೀನ ಕೂಡಗಿ ಕಡೆ ಕೊಟ್ಟೀವಲ್ಲ, ಹಾಜರಾನ್ನ.
ಹೋದಾಗ ಅಂಗಳದಾಗ ಕುಂತು ಕಲ್ಲಿದ್ದಲಿ ರೈಲು ನೋಡಿದೆ.
ಡಬ್ಬಿ ಎಣಸಿದೆ, ಐವತ್ತರ ಮ್ಯಾಲ ಲೆಕ್ಕ ತಪ್ತು.
ಇದೆಲ್ಲ ಎಲ್ಲಿಗವ್ವಾ ಅಂದೆ.
ನಿಮ್ಮ ಫ್ಯಾನಿಗೆ ಅಕ್ಕಾ, ಅಂದ್ಲು."

ಬಿಲ್ಲು ಹರದು ಕೊಟ್ಟೆ. ಸೊನ್ನಿ.
ಅದರ ಹಿಂದ ಯಾರದೋ ಜಂಪರಿನ ಅಳತಿ ಬರಕೊಂಡ್ಲು.

ಭೂಮಿ ಕಾಯೂದನ್ನ ಮಾಲನಬಿ ಒಬ್ಬಾಕಿ ನಿಂದರಸ್ತಾಳ
ಅಂತ ನಾ ಎಲ್ಲೂ ಹೇಳೂದಿಲ್ಲ.
ಐವತ್ತೈದು ಯುನಿಟ್ಟು, ಆ ರೈಲಿನಾಗ
ಎರಡು ಬುಟ್ಟಿ ಆದೀತು, ಹೆಚ್ಚಂದ್ರ ಮೂರು.
ಆದರ ಈ ಓಣ್ಯಾಗ ನನ್ನ ಮೀಟರು ನೂರಾ ಹನ್ನೆರಡು,
ಊರಾಗ ಓಣಿ ಎಷ್ಟು,
ಲೆಕ್ಕ ಹಿಡಕೋತ ಹೋಗಿ ಮುಂದಿನ ಮನಿ ದಾಟೇಬಿಟ್ಟಿದ್ದೆ,
ತಿರುಗಿ ಬರಬೇಕಾತು.

ರಾತ್ರಿ ಊಟ ಆದಮ್ಯಾಲ
ಮೊದಲ ಸಲ ನಮ್ಮ ಮೀಟರಿನ ಮುಂದ ನಿಂತೆ.
ಕೆಂಪು ದೀಪ ಮಿಣಕ್, ಮಿಣಕ್, ಮಿಣಕ್,
ಓಡಿ ಬಂದವರ ನಾಡಿಯಂಗ.
ಯಾರೂ ಇಲ್ಲದ ಖೋಲಿ ಫ್ಯಾನು ಆರಿಸಿದೆ.
ನೋಡದ ಟೀವಿ, ಫೋನಿಲ್ಲದ ಚಾರ್ಜರು,
ನಡುಮನಿ ದೊಡ್ಡ ದೀಪ.
ಮಿಣಕ್.
ತಡದು, ಮಿಣಕ್.

"ಸೊನ್ನಿ ಬಿಲ್ಲಿಗೆ ಏನು ಹುಡುಕಾಟ ನಿಮ್ಮದು?" ಅಂದ್ಲು ಶಿವಕಾಂತಾ ಕತ್ತಲಾಗ.
"ಸುಣ್ಣ ಬಳಿಯೂ ಕುಂಚ ಎಲ್ಲಿ ಅದ?"
"ಈಗ್ಯಾಕ? ದೀಪಾವಳಿ ಇನ್ನೂ ಎಲ್ಲೋ ಅದ."