ಹನ್ನೊಂದು ಹಳ್ಳು

ಮದುವಿ ಆಗಿದ್ದು ಮೋಟೆಬೆನ್ನೂರಾಗ,
ಆಲ್ಬಮ್ಮಿನಾಗ ಮಾತ್ರ ಸ್ಪಿತಿ ಕಣಿವ್ಯಾಗ ನಿಂತಾರ.
ಫಕ್ಕೀರೇಶನ ಪೇಟಾದ ಹಿಂದ ಹಿಮದ ಗುಡ್ಡ,
ನಾಗವೇಣಿಯ ಇಳಕಲ್ ಸೆರಗಿನ ಪಕ್ಕ
ಹೆಪ್ಪುಗಟ್ಟಿದ ಹೊಳಿ.
ಪುಟಕ್ಕ ನಾನೂರು ರೂಪಾಯಿ,
ಹಿಮಕ್ಕ ಬ್ಯಾರೆ ರೊಕ್ಕ ಇಲ್ಲ.

ಹಿಮ ನಂದ. ಎಲ್ಲಿಂದೋ ಇಳಿಸಿಕೊಂಡದ್ದಲ್ಲ.
ಎರಡು ಸೀಜನ್ನಿನ ಲಗ್ನದ ಗಳಿಕಿ ಕಟ್ಟಿ
ಹನ್ನೆರಡು ದಿನ ಅಡ್ಡಾಡಿ ತಂದದ್ದು.
ಹನ್ನೊಂದು ಮಂದಿ ನಾವು: ಮೈಸೂರಿನ ಇಬ್ಬರು ಡಾಕ್ಟರು,
ರಿಟೈರ್ ಆದ ಬ್ಯಾಂಕ್ ಮ್ಯಾನೇಜರು,
ತೋಳಿನಷ್ಟು ಉದ್ದ ಲೆನ್ಸಿನವರು,
ಮತ್ತ ನಾನು, ಬ್ಯಾಡಗಿ ಸ್ಟೇಷನ್ ರೋಡಿನ ಸ್ಟುಡಿಯೋದಂವ.
ಹುಟ್ಟಿದಾಗಿಂದ ಕಂಡ ಗುಡ್ಡ ಅಂದ್ರ
ಸೋಮವಾರ, ಗುರುವಾರ ಯಾರ್ಡಿನಾಗ ಏಳೋ ಮೆಣಸಿನಕಾಯಿ ರಾಶಿ,
ಕಂಡ ಚಳಿ ಅಂದ್ರ ಕೋಲ್ಡ್ ಸ್ಟೋರೇಜಿನ ಬಾಗಲ ತಗದಾಗ
ಕಾಲಿಗೆ ಸುತಗೊಳ್ಳೋ ಬಿಳೀ ಹೊಗಿ.

ಗೈಡ್ ಛೆವಾಂಗ್ ಹೆಚ್ಚು ಮಾತಾಡಾಂವಲ್ಲ.
ಎಡಗಡೆ ಕಿಸೆದಾಗ ಹನ್ನೊಂದು ಹಳ್ಳು.
ಒಂದೊಂದು ತಿರುವಿನ್ಯಾಗೂ ನಿಂತು
ದಾಟಿದ ತಲಿಗೆ ಒಂದರಂಗ
ಬಲಗಡೆ ಕಿಸೆಕ್ಕ ಹಾಕಾಂವ.
ಸಂಜಿಗೆ ಎಲ್ಲಾ ಹೊಳ್ಳಿ ಎಡಕ್ಕ.
ನಾವು ಬೆಳಕಿನ ಲೆಕ್ಕ ಹಚ್ಚತಿದ್ವಿ,
ಶಟರ್, ಸ್ಪೀಡ್, ಬಿಳೀ ಗುಡ್ಡದ ಮ್ಯಾಲಿನ ನೀಲಿ ನೆರಳು;
ಅವಂದು ಅದೊಂದ ಲೆಕ್ಕ.

ಎಂಟನೇ ದಿನ, ಎಲ್ಲಾಕಿಂತ ಎತ್ತರದ ಕಣಿವಿ.
ತಲಿ ಒಳಗ ಯಾರೋ ಒರಳಾಗ ಖಾರ ಕುಟ್ಟಿದಂಗ.
ನಾಕು ಹೆಜ್ಜಿಗೊಮ್ಮೆ ಉಸುರಿಗೆ ನಿಂತು
ಕಡಿಕೆ ನಿಂತೇ ಬಿಟ್ಟೆ.
ಕಣಿವಿ ತನ್ನಷ್ಟಕ್ಕ ತಾನು ಬಿದ್ದಿತ್ತು,
ಯಾರ ಲಗ್ನಕ್ಕೂ ಸಂಬಂಧ ಇಲ್ಲದಂಗ.
ಮಂದಿ ಇಲ್ಲದ ಜಾಗಾ ನೋಡಿ ಕೈ ಹೊಂದಲಿಲ್ಲ;
ಫೋಕಸ್ ಎಲ್ಲಿ ಇಡಬೇಕು?
ಹಿಂದಕ್ಕ ಸರದೆ. ಇನ್ನೊಂದೀಟು ಹಿಂದಕ್ಕ,
ಬೀಗರನ್ನೆಲ್ಲಾ ಒಂದ ಫ್ರೇಮಿನಾಗ ಹಿಡಿಸಾಕ
ಸರೀತೀನಲ್ಲ, ಹಂಗ.

ಆವಾಗ ಕಣಿವಿ ಹೋಗಿ ಬೂದಿಬಣ್ಣ ಬಂತು.
ಛೆವಾಂಗ್ ಓಡಿ ಬಂದು ಕ್ಯಾಮೆರಾದ ಪಟ್ಟಿ ಹಿಡದು
ತನ್ನ ಎದಿಗೇ ಎಳಕೊಂಡಿದ್ದ ನನ್ನ.
ಹಿಮ್ಮಡದ ಹಿಂದ ನೆಲ ಇರಲಿಲ್ಲ.
ಬೈಲಿಲ್ಲ ಅಂವ. ಎಡಗಡೆ ಕಿಸೆದಾಗ ಉಳದಿದ್ದ
ಒಂದ ಹಳ್ಳು ತಗದು ತೋರಿಸಿ
ಬಲಗಡೆ ಹಾಕಿದ.
ನನ್ನ ಬೆರಳು ಒತ್ತಿತ್ತು.
ಸಾವಿರದ ಎಂಟುನೂರಾ ನಲವತ್ತೇಳನೇ ಫೋಟೋ:
ಅಲುಗಾಡಿದ ಉಣ್ಣೆ ಸ್ವೆಟರು, ಒಂದು ಎಳಿ ಹರದದ್ದು.

ಇವತ್ತ ಆಲ್ಬಂ ಒಯ್ಯಾಕ ಬಂದಿದ್ರು.
ಎಲ್ಲಾರೂ ಚಲೋ ಅಂದ್ರು. ಫಕ್ಕೀರೇಶ ಆಗಲೇ ಸ್ಟೇಟಸ್ಸಿಗೆ ಹಾಕಿದ.
ಹುಡುಗಿಯ ಅಜ್ಜಿ ಹೊನ್ನವ್ವ,
ಮೂವತ್ತು ವರ್ಷ ಮೆಣಸಿನಕಾಯಿ ತೊಟ್ಟು ಮುರದಾಕಿ,
ಕೋಲ್ಡ್ ಸ್ಟೋರೇಜಿನಾಗ ಕಂಬಳಿ ಹೊತಗೊಂಡು ಚೀಲ ಎಣಿಸಿದಾಕಿ,
ಹಿಮದ ಮ್ಯಾಲೆ ಬೆರಳಿಟ್ಟು ಕೇಳಿದ್ಲು:
"ಇಂಥಾ ಕಡೆ ನಿಲ್ಲಿಸೀಯೇನೋ ತಮ್ಮಾ ನಮ್ಮ ಹುಡುಗಿನ?
ಮೈಮ್ಯಾಲೊಂದು ಶಾಲಿಲ್ಲ.
ಕರಕೊಂಡು ಹೋದಾವ್ರಿಗೆ ಖಬರ ಬ್ಯಾಡಾ?"

ನಕ್ಕರು. ಯವ್ವಾ, ಅದು ಕಂಪ್ಯೂಟರಿಂದು ಅಂದ್ಲು ನಾಗವೇಣಿ.
"ಕಂಪ್ಯೂಟರಿನ್ಯಾಗ ಚಳಿ ಇರೂದಿಲ್ಲೇನು?"
ಹೊನ್ನವ್ವ ಪುಟ ಹೊಳ್ಳಿಸಲಿಲ್ಲ.

ಆ ಒಂದು ಪುಟ ಮತ್ತ ಮಾಡಿಕೊಡ್ತೀನಿ ಅಂದೆ.
ರೊಕ್ಕ ಬ್ಯಾಡ.

ರಾತ್ರಿ ಹನ್ನೊಂದೂವರಿ. ಯಾರ್ಡಿನ ಲಾರಿ ಒಂದು ಹಾದು ಹೋತು,
ಘಾಟಿಗೆ ಎರಡು ಸಲ ಸೀನಿದೆ.
ಆ ಸ್ವೆಟರಿನ ಫೋಟೋ ತಗದು
ಎಳಿ ಎಳಿ ಹರವಾಕತ್ತೀನಿ
ನಾಗವೇಣಿಯ ಹೆಗಲಿನ ಮ್ಯಾಲೆ.
ಹರದ ಜಾಗಾ ಮುಚ್ಚಾಕ ಬರತಿತ್ತು, ಮುಚ್ಚಲಿಲ್ಲ.
ಫಕ್ಕೀರೇಶಗ ಸಾಲೂವಷ್ಟು ಉಣ್ಣೆ ಉಳೀಲಿಲ್ಲ;
ಆತ ಹಂಗ ನಿಂದರಬೇಕು.