ಹುಟ್ಟು ಹಾಕುವವನ ಮುಖ

ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುವ ಕೆಲಸ ನನ್ನದು, ಮೂರು ರಾತ್ರಿ.
ಅರ್ಧ ಅವರ ಕೈಗೆ, ಅರ್ಧ ನನ್ನ ಬಿಸ್ಕಿಟ್ ಡಬ್ಬಿಗೆ.
ಕಾರವಾರದ ಸೆಕೆ. ರಂಗಮಂದಿರದ ಫ್ಯಾನುಗಳು
ಗಾಳಿಗಿಂತ ಹೆಚ್ಚು ಸದ್ದನ್ನೇ ಬೀಸುತ್ತಿದ್ದವು.

ಗ್ರೀಕರ ಕಥೆ, ಎಂದಿತ್ತು ಪೋಸ್ಟರು.
ಹಾವು ಕಚ್ಚಿ ಸತ್ತ ಹೆಂಡತಿಯ ಹಿಂದೆ
ಹಾಡುತ್ತ ಹಾಡುತ್ತ ಪಾತಾಳಕ್ಕಿಳಿದವನು;
ಕೊಟ್ಟೇವು, ಕರಕೊಂಡು ಹೋಗು,
ದಾರಿಯಲ್ಲಿ ತಿರುಗಿ ಮಾತ್ರ ನೋಡಬೇಡ, ಎಂದರಂತೆ.
ಹಾಡಿದವನು ಬೈತಖೋಲದ ಹುಡುಗ, ಬಿ.ಕಾಂ. ಎರಡನೇ ವರ್ಷ.
ಒಂದು ಗಿಟಾರು, ಅದರ ಮಗ್ಗುಲಿಗೆ ಎರಡು ಗುಮಟೆ.

ಹಾವು ಕಚ್ಚಿದ್ದೇ ತಡ, ಹಿಂದಿನ ಸಾಲಲ್ಲಿ ಒಬ್ಬಾಕೆ ಎದ್ದು
"ರಿಕ್ಷಾ ಕರೀರೋ, ಹಾಡ್ತಾ ನಿಂತ್ಯಲ್ಲ!" ಎಂದಳು.
ನಕ್ಕರು ಎಲ್ಲ. ಆಕೆ ನಗಲಿಲ್ಲ.
ಆಟ ನೋಡಿ ಪಳಗಿದ ಗಾಂವಕರ ಮಾಸ್ತರಿಗೆ
ಯಮ ಕುಣಿಯದೇ ಸುಮ್ಮನೆ ನಡೆದು ಬಂದದ್ದು
ಕಡೆಯ ತನಕ ಪಚನವಾಗಲಿಲ್ಲ.
ಪಾತಾಳದ ಬಾಗಿಲಿಗೆ ಬಂದಾಗಲೇ ಕರೆಂಟು ಹೋಯಿತು.
ಯಾರೂ ಕೂಗಲಿಲ್ಲ, ಶಿಳ್ಳೆ ಇಲ್ಲ,
ಅದೂ ಕಥೆಯೇ ಎಂದುಕೊಂಡು
ಕುರ್ಚಿಯ ಕೈ ಹಿಡಿದು ಕೂತರು ಮುನ್ನೂರು ಜನ,
ಕತ್ತಲೆಯೊಳಗೆ ಗುಮಟೆ ಮಾತ್ರ
ಎದೆ ಯಾವುದು ತೊಗಲು ಯಾವುದು ತಿಳಿಯದ ಹಾಗೆ.

ಮೂರನೇ ಸಾಲಿನ ತುದಿಯಲ್ಲಿ ಬುದ್ಯಾ ತಾಂಡೇಲ.
ದೋಣಿ ಉಂಟಂತೆ ನಾಟಕದಲ್ಲಿ, ಎಂದು ಯಾರೋ ಹೇಳಿ
ಪಂಚೆಯ ಗಂಟಿನಿಂದ ಚಿಲ್ಲರೆ ಎಣಿಸಿ ಬಂದವನು.
ದೋಣಿ ಬಂತು: ಥರ್ಮಾಕೋಲು, ಕೆಳಗೆ ನಾಲ್ಕು ಗಾಲಿ.
ಸತ್ತವರ ನಾಲಿಗೆಯ ಮೇಲಿನ ಕಾಸು ಕಿತ್ತು
ಅಂಬಿಗ ಸೊಂಟಕ್ಕೆ ಸಿಕ್ಕಿಸಿಕೊಂಡಾಗ
ಮುದುಕ "ಛೇ" ಎಂದದ್ದು ಬಾಗಿಲ ತನಕ ಕೇಳಿತು.

ಪರದೆ ಬಿದ್ದ ಮೇಲೆ ಅವನು ಹೊರಗೆ ಹೋಗಲಿಲ್ಲ.
ಒಂದೊಂದೇ ಮೆಟ್ಟಿಲು ಹತ್ತಿ ರಂಗದ ಮೇಲೆ ಹೋದ.
ಬಣ್ಣ ಒರೆಸುತ್ತಿದ್ದ ಅಂಬಿಗನ ಮೊಣಕೈ ಹಿಡಿದ.
"ಸೇತುವೆ ಬರೂ ಮುಂಚೆ ಕೋಡಿಬಾಗದಿಂದ ಸದಾಶಿವಗಡಕ್ಕೆ
ಕಾಳಿ ದಾಟಿಸ್ತಿದ್ದೆ ನಾನು.
ಬಾಣಂತೀನ, ಬ್ಯಾಂಡಿನವರನ್ನ, ಮಳೆಗಾಲದಲ್ಲಿ ಹೆಣಾನೂ.
ಹೆಣದ ಬಾಡಿಗೆ ಕೇಳಿದವನಲ್ಲ.
ಅದು ಇರಲಿ. ನೀ ಕೂತದ್ದು ತಪ್ಪು.
ಮುಂದೆ ನೋಡಿ ಹುಟ್ಟು ಹಾಕಿದ್ರೆ ಸೊಂಟ ಉಳೀತದಾ?
ಬೆನ್ನು ಹೋಗೂ ದಡಕ್ಕೆ, ಮುಖ ಬಿಟ್ಟ ದಡಕ್ಕೆ.
ಹಿಂದೆ ನೋಡೂದೇ ತಪ್ಪು ಅಂದ್ರೆ
ಹೊಳೆ ದಾಟೂದು ಹ್ಯಾಂಗಾ?"

ಪ್ಲಾಸ್ಟಿಕ್ ಕುರ್ಚಿ ತಿರುಗಿಸಿ ಕೂರಿಸಿದ ಹುಡುಗನನ್ನು.
ಕಸಬರಿಗೆಯ ಕೋಲು ಕೊಟ್ಟ. ಎದುರಿಗೆ ತಾನು ಕೂತ.
ಗಿಟಾರು ಚೀಲ ಸೇರಿತ್ತು, ವೈರು ಸುತ್ತುತ್ತಿದ್ದರು,
ಇಬ್ಬರೂ ಎಳೆದರು, ಬಾಗಿದರು, ಎಳೆದರು;
ಗುಮಟೆಯವನು ಸುಮ್ಮನಿರಲಾರದೆ ಬೆರಳಲ್ಲೇ ಮೆಲ್ಲಗೆ
ನೀರು ಕೊಟ್ಟ.
ಸಾವಿನ ದೋಣಿಗೂ ಹುಟ್ಟು ಬೇಕು, ಅಲ್ಲವೇ,
ಎಂದು ನನಗೆ ಹೊಳೆದದ್ದು ಆಗ, ಕಸ ಗುಡಿಸಲು ಕೋಲಿಲ್ಲದೆ
ಕಾಯುತ್ತ ನಿಂತಾಗ.

ಎರಡನೇ ರಾತ್ರಿ ಹುಡುಗ ತಿರುಗಿ ಕೂತ.
ಬೆನ್ನು ಪಾತಾಳಕ್ಕೆ. ಮುಖ ನಮ್ಮ ಕಡೆ.
ದೋಣಿ ಒಳಗೊಳಗೆ ಸರಿದಷ್ಟೂ
ಅವನ ಕಣ್ಣು ನಮ್ಮನ್ನೇ ನೋಡುತ್ತ ಸಣ್ಣದಾಗುತ್ತ ಹೋಯಿತು.
ಕೆಮ್ಮು ನಿಂತಿತು. ಯಾರೋ ಕಡಲೆಯ ಪೊಟ್ಟಣ ಮಡಿಚಿದರು.
ನಾವು ಬಿಟ್ಟ ದಡವಾಗಿದ್ದೆವು,
ಬಿಟ್ಟ ದಡಕ್ಕೆ ಹೀಗನಿಸುತ್ತದೆಂದು ಯಾರು ಹೇಳಿದ್ದರು?

ಕೊನೆಗೆ ಗಾಯಕ ತಿರುಗಿದ, ತಿರುಗಲೇಬೇಕು, ಬರೆದದ್ದೇ ಹಾಗೆ.
ಮೊದಲ ರಾತ್ರಿ "ಅಯ್ಯೋ ಮೂರ್ಖ" ಎಂದಿದ್ದ ಸಾಲುಗಳಿಂದ
ಈ ರಾತ್ರಿ ಸದ್ದಿಲ್ಲ.
ರಿಕ್ಷಾ ಕರೆದಿದ್ದ ಹೆಂಗಸು ಮತ್ತೆ ಬಂದಿದ್ದಳು, ಅಂಚಿನ ಸೀಟು,
ಸೆರಗು ಬಾಯಿಗೆ.

ತಾಂಡೇಲ ಬರಲಿಲ್ಲ. ಮೀನುಪೇಟೆಯಲ್ಲಿ ಸಿಕ್ಕಾಗ ಕೇಳಿದೆ.
"ಒಂದ್ ಸಲ ನೋಡಿದ್ದು ಸಾಕು. ಪದ ಚಲೋ ಇತ್ತು,"
ಎಂದು ಬಂಗಡೆಯ ಕಿವಿರು ಎತ್ತಿ ನೋಡಿದ.

ಡಬ್ಬಿ ಇನ್ನೂ ನನ್ನ ಕಪಾಟಿನಲ್ಲಿದೆ, ಎಂಟುನೂರು ಅರ್ಧಗಳು.
ಉಳಿದರ್ಧ ಯಾವ ಯಾವ ಜೇಬಿನಲ್ಲಿ
ಒಗೆಯುವ ಕಲ್ಲಿನ ಮೇಲೆ ಹಿಟ್ಟಾಯಿತೋ.