ನಡಾವಳಿ

ತಿಂಗಳ ಮೂರನೇ ಮಂಗಳವಾರ, ಮೆಥಡಿಸ್ಟ್ ಸಭಾಂಗಣ.
ಹಾಜರಿ ಹದಿನಾಲ್ಕು. ಹೀಟರು ಕೆಟ್ಟು
ಎಲ್ಲರೂ ಕೋಟಿನಲ್ಲೇ.
ಊರ ಪಂಪು ಎಲ್ಲಿತ್ತೆಂಬ ಹೋದ ತಿಂಗಳ ಜಗಳ
ಇನ್ನೂ ಹಸಿಹಸಿ.
ಇಂದು ಕ್ಲೈವ್ ಆರ್ಮಿಟೇಜರ ಉಪನ್ಯಾಸ:
ಸ್ಕಾರ್‌ವಿಕ್ಕಿನ ಹಗ್ಗದ ಕಾರ್ಖಾನೆ.

ಗೋಡೆಯ ಮೇಲೆ ಬೆಳಕಿನ ಚೌಕ,
ಅದರಲ್ಲಿ ಕಾಲು ಮೈಲಿ ಉದ್ದದ ಸೂರು,
ಸೆಣಬಿನ ರಾಶಿ, ತಲೆಗೆ ಬಟ್ಟೆ ಕಟ್ಟಿದ ಹುಡುಗಿಯರು.
‘ಇವರಲ್ಲಿ ಈಗ ಯಾರೂ ಉಳಿದಿಲ್ಲ’
ಎಂದರು ಕ್ಲೈವ್, ಕಡ್ಡಿ ಮುರಿದ ಹಾಗೆ.

ಹಿಂದಿನ ಸಾಲಿಂದ ಒಂದು ಕೆಮ್ಮು.
ಪ್ರತಿಸಲ ಚಹಾ ಸೋಸಿ, ಕಪ್ಪು ತೊಳೆದು,
ಉಪನ್ಯಾಸದುದ್ದಕ್ಕೂ ತೂಕಡಿಸುವ ವಿನಿಫ್ರೆಡ್ ಡಾಬ್ಸನ್:
‘ಎಡದಿಂದ ಮೂರನೆಯವಳು ನಾನು.
ಅಲ್ಲ, ಬಲದಿಂದ ಇರಬೇಕಿತ್ತು.
ನಿಮ್ಮ ಚಿತ್ರ ತಿರುಗುಮುರುಗಾಗಿದೆ.
ಆ ಡಾಂಬರಿನ ನಾತ
ಮದುವೆಯ ದಿನವೂ ಕೈಬಿಟ್ಟು ಹೋಗಲಿಲ್ಲ.’

ಕ್ಲೈವ್ ಸ್ಲೈಡು ಮಗುಚಿ ಹಾಕಿದರು.
ಇಡೀ ಕಾರ್ಖಾನೆ
ಸಮುದ್ರದ ಕಡೆ ಹೊರಳಿತು.

ಬಿಸ್ಕತ್ತಿನ ಪೊಟ್ಟಣದ ದಾರ ಬಿಚ್ಚಿ
ಆಕೆ ತೊಡೆಯ ಮೇಲಿಟ್ಟು ಹೊಸೆಯುತ್ತಿದ್ದರು,
ನೋಡದೆಯೇ.
ಯಾರೂ ಪ್ರಶ್ನೆ ಕೇಳಲಿಲ್ಲ.

ಕಾರ್ಯದರ್ಶಿ ನಾನು. ಬರೆಯಲೇಬೇಕು.
ಬರೆದೆ: ಚರ್ಚೆ ನಡೆಯಿತು.
ಚಹಾ ತಡವಾಯಿತು.